ಠಾಣೆಯಲ್ಲಿ ಮರಿ ಹಾಕಿದ ಕುರಿ: ಪೊಲೀಸ್ ಧಾರಾವಾಹಿ ಬರೆಯುವವರಿಗೆ ಒಂದು ಬಹಿರಂಗ ಪತ್ರ

ಕನ್ನಡದಲ್ಲಿ ಪೊಲೀಸ್ ಧಾರಾವಾಹಿ, ವೆಬ್ ಸರಣಿ ಮಾಡುವ ನಿರ್ಮಾಪಕರಿಗೆ, ನಿರ್ದೇಶಕರಿಗೆ, ಅದರಲ್ಲೂ ಕತೆ ಮತ್ತು ಸಂಭಾಷಣೆ ಬರೆಯುವವರಿಗೆ,

ವಿಜಯಪುರದಿಂದ ಒಬ್ಬ ನಿವೃತ್ತ ಹವಾಲ್ದಾರನ ಮಗಳ ನಮಸ್ಕಾರ.

ಹವಾಲ್ದಾರ ಅಂದರೆ ನಿಮ್ಮ ಕಡೆಯ ಹೆಡ್ ಕಾನ್‌ಸ್ಟೆಬಲ್. ನಮ್ಮಲ್ಲಿ ಪಿಎಸ್‌ಐಗೆ ಫೌಜದಾರ ಅನ್ನುತ್ತಾರೆ. ಸಾಕ್ಷಿಗಳ ಮುಂದೆ ಬರೆಯುವ ಮಹಜರಿಗೆ ಪಂಚನಾಮೆ, ಜಪ್ತಿ ಮಾಡಿದ ವಸ್ತುವಿಗೆ ಮುದ್ದೆಮಾಲು. ಮುಂಬೈ ಪ್ರಾಂತ್ಯದ ಕಾಲದಿಂದ ನಾಲಿಗೆಯ ಮೇಲೆ ಉಳಿದ ಮಾತುಗಳು ಇವು. ಇದನ್ನೇ ಮೊದಲು ಹೇಳೋಕೆ ಕಾರಣ ಇದೆ. ನಿಮ್ಮ ಧಾರಾವಾಹಿಗಳಲ್ಲಿ ನಮ್ಮ ಕಡೆಯ ಮಾತಾಡುವ ಪೊಲೀಸ್ ಇದ್ದರೆ ಅವನಿಗೆ ಹೊಟ್ಟೆ ದೊಡ್ಡದು, ಮೀಸೆ ದೊಡ್ಡದು, ಸಾಹೇಬರು ಬಂದ ಕೂಡಲೇ ಟೋಪಿ ಕೆಳಗೆ ಬೀಳುತ್ತದೆ. ಇಲ್ಲದಿದ್ದರೆ ನಮ್ಮ ಭಾಷೆ ಭೀಮಾ ತೀರದ ರೌಡಿಯ ಬಾಯಲ್ಲಿ ಇರುತ್ತದೆ. ಪತ್ತೇದಾರ ಮಾತ್ರ ಯಾವಾಗಲೂ ಬೆಂಗಳೂರು ಕನ್ನಡದಲ್ಲೇ ಯೋಚನೆ ಮಾಡುತ್ತಾನೆ. ಹೌದಲ್ವಾ?

ನನ್ನ ಅಪ್ಪ ಜಿಲ್ಲೆಯ ಬೇರೆ ಬೇರೆ ಠಾಣೆಗಳಲ್ಲಿ ಕೆಲಸ ಮಾಡಿದ. ಜಾಸ್ತಿ ವರ್ಷ ಕ್ರೈಂ ಸಿಬ್ಬಂದಿಯಲ್ಲೇ ಇದ್ದ. ಕಳವು, ಕೊಲೆ, ಕಾಣೆಯಾದವರು, ಗುರುತು ಸಿಗದ ಹೆಣ, ಇವೇ ಅವನ ದಿನದ ಕೆಲಸ. ಈ ಪತ್ರ ಬರೆಯುವ ಯೋಚನೆ ಬಂದದ್ದು ಕಳೆದ ದೀಪಾವಳಿಯಲ್ಲಿ. ಪುಣೆಯಲ್ಲಿರುವ ನನ್ನ ತಮ್ಮ ಹಬ್ಬಕ್ಕೆ ಬಂದಿದ್ದ. ಲ್ಯಾಪ್‌ಟಾಪಿನಲ್ಲಿ ಒಂದು ಹಳೆಯ ಅಮೆರಿಕದ ಧಾರಾವಾಹಿ ಹಚ್ಚಿ ಅಪ್ಪನನ್ನು ಎದುರಿಗೆ ಕೂರಿಸಿದ. ಎನ್‌ವೈಪಿಡಿ ಬ್ಲೂ ಅಂತ ಹೆಸರು. 1993ರಲ್ಲಿ ಶುರುವಾಗಿ 2005ರವರೆಗೆ ನಡೆದದ್ದು, ಒಟ್ಟು 261 ಕಂತು. ನ್ಯೂಯಾರ್ಕಿನ ಒಂದು ಠಾಣೆಯ ಪತ್ತೇದಾರರ ಕತೆ. ಅರ್ಧ ಠಾಣೆಯಲ್ಲಿ, ಅರ್ಧ ಅವರ ಮನೆಯಲ್ಲಿ.

ಅಪ್ಪನಿಗೆ ಇಂಗ್ಲಿಷ್ ಬರೋದಿಲ್ಲ. ತಮ್ಮ ಪಕ್ಕದಲ್ಲಿ ಕೂತು ಹೇಳುತ್ತಾ ಹೋದ. ಸಿಪೊವಿಟ್ಜ್ ಅಂತ ಒಬ್ಬ ಬೊಕ್ಕತಲೆಯ ಪತ್ತೇದಾರ ಇದ್ದಾನೆ ಅದರಲ್ಲಿ. ಕುಡುಕ. ಸಿಡುಕ. ಕರಿಯ ಜನರನ್ನು ಕಂಡರೆ ಅವನಿಗೆ ಆಗೋದಿಲ್ಲ. ಹನ್ನೆರಡು ವರ್ಷದ ಕತೆಯಲ್ಲಿ ಅವನ ಮಗ ಸಾಯುತ್ತಾನೆ, ಹೆಂಡತಿ ಸಾಯುತ್ತಾಳೆ, ಜೊತೆಗಾರನೂ ಸಾಯುತ್ತಾನೆ. ಇವನು ಬೀಳುತ್ತಾನೆ, ಏಳುತ್ತಾನೆ, ಮತ್ತೆ ಬೀಳುತ್ತಾನೆ. ಕೊನೆಗೆ ಅದೇ ವಿಭಾಗದ ಮುಖ್ಯಸ್ಥನಾಗಿ ಮೇಜಿನ ಮುಂದೆ ಒಬ್ಬನೇ ಕೂರುತ್ತಾನೆ. ಆ ಪಾತ್ರ ಮಾಡಿದ ಡೆನಿಸ್ ಫ್ರಾನ್ಸ್‌ಗೆ ನಾಲ್ಕು ಸಲ ಎಮ್ಮಿ ಪ್ರಶಸ್ತಿ ಬಂತಂತೆ.

ಅಪ್ಪ ಎರಡನೇ ಕಂತಿಗೇ ಹೇಳಿದ, "ಇಂವ ನಮ್ಮ ಠಾಣೇದಾಗೂ ಇದ್ದ."

ಸಿಮೋನ್ ಅಂತ ಇನ್ನೊಬ್ಬ ಪತ್ತೇದಾರ ಮಾಳಿಗೆಯ ಮೇಲೆ ಪಾರಿವಾಳ ಸಾಕುತ್ತಾನೆ. ಅದನ್ನು ಕೇಳಿದ್ದೇ ಅವ್ವ ಒಳಗಿನಿಂದ ಬಂದಳು. ನಮ್ಮ ಪೊಲೀಸ್ ಲೈನಿನಲ್ಲಿ ಹಾಗೇ ಒಬ್ಬ ಕಾಕಾ ಇದ್ದ. ರಾತ್ರಿ ಗಸ್ತು ಮುಗಿಸಿ ಬಂದರೂ ಮಲಗುವ ಮೊದಲು ಪಾರಿವಾಳಕ್ಕೆ ಸಜ್ಜೆ ಹಾಕುತ್ತಿದ್ದ. ಹೆಂಡತಿಗೆ ಒಂದು ಮಾತಾಡಿಸದವನು ಪಾರಿವಾಳದ ಜೊತೆ ಅರ್ಧ ತಾಸು ಮಾತಾಡುತ್ತಿದ್ದ. "ಇವರಿಗೆ ಇದೆಲ್ಲಾ ಹೆಂಗ ಗೊತ್ತಾತು?" ಅಂದಳು ಅವ್ವ. ತಮ್ಮ ಹುಡುಕಿ ಹೇಳಿದ. ಬಿಲ್ ಕ್ಲಾರ್ಕ್ ಅಂತ ನ್ಯೂಯಾರ್ಕಿನ ನಿಜವಾದ ಪತ್ತೇದಾರ ಆ ಬರಹಗಾರರ ಜೊತೆಗೆ ಕೆಲಸ ಮಾಡಿದ್ದ. ಅಪ್ಪ ತಲೆ ಆಡಿಸಿದ.

ನಾನು ನಿಮ್ಮನ್ನು ಕೇಳೋದೂ ಅದನ್ನೇ. ನಮ್ಮ ಜಿಲ್ಲೆಗಳಲ್ಲಿ ಎಷ್ಟೋ ನಿವೃತ್ತ ಹವಾಲ್ದಾರರು, ಎಎಸ್‌ಐಗಳು ಸಂಜೆ ಕಟ್ಟೆಯ ಮೇಲೆ ಸುಮ್ನೆ ಕೂತಿರುತ್ತಾರೆ. ನೀವು ಅವರಲ್ಲಿ ಒಬ್ಬರನ್ನಾದರೂ ಮಾತಾಡಿಸಿದ್ದೀರಾ?

ಮಾತಾಡಿಸಿದ್ದರೆ ಒಂದು ವಿಷಯ ಮೊದಲೇ ಗೊತ್ತಾಗುತ್ತಿತ್ತು. ಆ ಅಮೆರಿಕದ ಧಾರಾವಾಹಿಯಲ್ಲಿ ಕತೆ ಮುಗಿಯೋದು ಸಣ್ಣ ಕೋಣೆಯಲ್ಲಿ. ಆರೋಪಿಯನ್ನು ಕೂರಿಸಿ, ಬೈದು, ಹೆದರಿಸಿ, ಒಮ್ಮೊಮ್ಮೆ ನಾಲ್ಕು ಬಿಟ್ಟು ಬಾಯಿ ಬಿಡಿಸುತ್ತಾರೆ. ಅವನು ಕಾಗದದ ಮೇಲೆ ಎಲ್ಲಾ ಬರೆದುಕೊಡುತ್ತಾನೆ. ಕೇಸ್ ಮುಗಿಯಿತು. ಅಪ್ಪ ಜೋರಾಗಿ ನಕ್ಕ. "ಇಷ್ಟಕ್ಕ ಮುಗೀತ? ಪಂಚನಾಮೆ ಯಾವಾಗ ಮಾಡ್ತಾರ?"

ಅವರ ದೇಶದ ಕಾನೂನು ಅವರದು. ನಮ್ಮಲ್ಲಿ ಪೊಲೀಸರ ಮುಂದೆ ಒಪ್ಪಿಕೊಂಡ ತಪ್ಪಿಗೆ ಕೋರ್ಟಿನಲ್ಲಿ ಬೆಲೆ ಇಲ್ಲ. ಇದು 1872ರ ಸಾಕ್ಷ್ಯ ಕಾಯ್ದೆಯ 25ನೇ ಕಲಂ. 2024ರ ಜುಲೈ 1ಕ್ಕೆ ಹೊಸ ಕಾನೂನು ಬಂದ ಮೇಲೂ ಅದು ಹೋಗಿಲ್ಲ, 23ನೇ ಕಲಂ ಆಗಿ ಕೂತಿದೆ. ಆರೋಪಿ ಹೇಳಿದ ಮಾತಿನಿಂದ ಒಂದು ವಸ್ತು ಸಿಕ್ಕರೆ, ಆ ವಸ್ತುವಿಗೆ ಸಂಬಂಧಪಟ್ಟಷ್ಟು ಮಾತನ್ನು ಮಾತ್ರ ಕೋರ್ಟು ಕೇಳುತ್ತದೆ. ಅಂದರೆ ಬಾವಿಗೆ ಎಸೆದ ಕೊಡಲಿ ಬಾವಿಯಿಂದ ಮೇಲೆ ಬರಬೇಕು. ಬರುವಾಗ ಇಬ್ಬರು ಪಂಚರು, ಅಂದರೆ ಸಾಕ್ಷಿದಾರರು, ನಿಂತು ನೋಡಿರಬೇಕು. ಬಟ್ಟೆಯಲ್ಲಿ ಸುತ್ತಿ, ಅರಗಿನ ಸೀಲು ಹಾಕಿ, ಚೀಟಿಗೆ ಸಹಿ ಆಗಬೇಕು. ನಮ್ಮ ಪತ್ತೇದಾರನ ಅರ್ಧ ಆಯುಷ್ಯ ಹೋಗೋದು ಆ ಇಬ್ಬರು ಪಂಚರನ್ನು ಹುಡುಕೋದರಲ್ಲಿ! ಕಳ್ಳ ಬೇಗ ಸಿಗ್ತಾನೆ, ಪಂಚ ಸಿಗೋದಿಲ್ಲ ಅಂತಿದ್ದ ಅಪ್ಪ. ಜೀಪು ಊರೊಳಗೆ ಬಂತು ಅಂದರೆ ಚಹಾದಂಗಡಿ ಖಾಲಿ ಆಗುತ್ತಿತ್ತಂತೆ. ಸಹಿ ಮಾಡಿದವನಿಗೆ ಗೊತ್ತು, ನಾಲ್ಕು ವರ್ಷ ಬಿಟ್ಟು ಸಮನ್ಸ್ ಬರುತ್ತದೆ, ಕೆಲಸ ಬಿಟ್ಟು ಕೋರ್ಟಿಗೆ ಅಲೆಯಬೇಕಾಗುತ್ತದೆ ಅಂತ.

ನೀವು ಮಾತ್ರ ಇವತ್ತಿಗೂ ಫೌಜದಾರ ಬೆಲ್ಟ್ ಬಿಚ್ಚಿದ ಕೂಡಲೇ ಕೇಸ್ ಮುಗಿಸುತ್ತೀರಿ.

ಹಿಂದಿಯ ಸಿಐಡಿಯನ್ನು ನಮ್ಮ ಮನೆಯಲ್ಲೂ ನೋಡಿದ್ದೇವೆ. 1998ರಿಂದ 2018ರವರೆಗೆ ಆ ದಯಾ ಎಷ್ಟು ಬಾಗಿಲು ಒಡೆದನೋ ಲೆಕ್ಕ ಇಲ್ಲ. ವಿಜಯಪುರದ ಹುಡುಗರು ಮನೆಯ ಬಾಗಿಲು ಒದ್ದು ಅವ್ವಂದಿರಿಂದ ಏಟು ತಿಂದದ್ದೂ ಲೆಕ್ಕ ಇಲ್ಲ. ಅಪ್ಪನಿಗೆ ಅದರಲ್ಲಿ ಬಾಗಿಲಿನ ಬಗ್ಗೆ ಹೊಟ್ಟೆಕಿಚ್ಚು ಇರಲಿಲ್ಲ, ಲ್ಯಾಬಿನ ಬಗ್ಗೆ ಇತ್ತು. ಡಾಕ್ಟರ್ ಸಾಳುಂಕೆ ಸೂಕ್ಷ್ಮದರ್ಶಕದಲ್ಲಿ ಒಮ್ಮೆ ಇಣುಕುತ್ತಾನೆ, ಕೂಡಲೇ ವಿಷದ ಹೆಸರು ಹೇಳುತ್ತಾನೆ. ನಮ್ಮಲ್ಲಿ ಮರಣೋತ್ತರ ಪರೀಕ್ಷೆ ಆದ ಮೇಲೆ ಒಳಾಂಗದ ಬಾಟಲಿಗಳನ್ನು ಸೀಲು ಮಾಡಿ ಬೆಳಗಾವಿಯ ಪ್ರಾದೇಶಿಕ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸಬೇಕು. ಕಳಿಸೋದು ಅಂದರೆ ಕೊರಿಯರ್ ಅಲ್ಲ. ಒಬ್ಬ ಪೇದೆ ಅದನ್ನು ಹಿಡಿದುಕೊಂಡು ಹೋಗಬೇಕು. ಸೀಲು ಒಡೆಯಬಾರದು, ಕೈ ಬಿಡಬಾರದು. ಅಲ್ಲಿ ಕೊಟ್ಟು ರಸೀದಿ ತರಬೇಕು. ಸೀಲಿನಲ್ಲಿ ಸಣ್ಣ ವ್ಯತ್ಯಾಸ ಇದ್ದರೂ ಮಾಲು ತಿರುಗಿ ಬರುತ್ತದೆ. ವರದಿ ಬರೋಕೆ ತಿಂಗಳುಗಟ್ಟಲೆ ಬೇಕು.

ಒಮ್ಮೆ ಅಪ್ಪ ಹಾಗೆ ಬಸ್ಸಿನಲ್ಲಿ ಹೊರಟಿದ್ದ. ತೊಡೆಯ ಮೇಲೆ ಡಬ್ಬಿ. ಪಕ್ಕದಲ್ಲಿ ಒಬ್ಬ ಅಜ್ಜಿ. ಲೋಕಾಪುರ ದಾಟುವಷ್ಟರಲ್ಲಿ ಅಜ್ಜಿ ಬುತ್ತಿ ಬಿಚ್ಚಿದಳು. ರೊಟ್ಟಿ, ಶೇಂಗಾ ಹಿಂಡಿ. ಅಪ್ಪನಿಗೂ ಒಂದು ಕೊಟ್ಟಳು. ಆಮೇಲೆ ಕೇಳಿದಳು, "ನಿನ್ನ ಡಬ್ಬಿ ಬಿಚ್ಚೋ ಯಪ್ಪಾ, ನಿನ್ನ ಹೇಂತಿ ಏನ್ ಕಟ್ಟ್ಯಾಳ ನೋಡೂಣು." ಅಪ್ಪ ಏನು ಹೇಳಬೇಕು? "ಉಪವಾಸ ಐತಿ ಆಯಿ" ಅಂದ. ಕೈಯಲ್ಲಿ ಅವಳೇ ಕೊಟ್ಟ ರೊಟ್ಟಿ ಇತ್ತು. ಅಜ್ಜಿ ಬೆಳಗಾವಿಯವರೆಗೂ ಅವನ ಮುಖ ನೋಡುತ್ತಲೇ ಇದ್ದಳಂತೆ.

ಈ ಒಂದು ದೃಶ್ಯ ನಿಮ್ಮ ಯಾವ ಧಾರಾವಾಹಿಯಲ್ಲಿದೆ ಹೇಳಿ.

ಇನ್ನು ಕುರಿಯ ಕತೆ. ನಾನು ಆಗ ಏಳನೇ ಇಯತ್ತೆ. ನಮ್ಮ ಠಾಣೆಯ ಹದ್ದಿನಲ್ಲಿ ಒಬ್ಬ ಕುರುಬರ ಮುತ್ಯಾನ ಹನ್ನೊಂದು ಕುರಿ ಕಳುವಾದವು. ನಿಮಗೆ ಇದು ಕಂತಿನ ವಿಷಯ ಅನ್ನಿಸಲಿಕ್ಕಿಲ್ಲ. ನಮ್ಮ ಕಡೆ ಹೊಲದ ಪಂಪಿನ ಕೇಬಲ್, ಕುರಿ, ಒಣದ್ರಾಕ್ಷಿ, ಇವುಗಳ ಕಳವು ಮತ್ತು ಮೋಸವೇ ಒಂದು ಮನೆಯನ್ನು ಮುಳುಗಿಸುತ್ತದೆ. ಅಪ್ಪ ಮತ್ತು ಇನ್ನೊಬ್ಬ ಪೇದೆ ಭೀಮೆ ದಾಟಿ ಸೊಲ್ಲಾಪುರ ಜಿಲ್ಲೆಯ ಸಂತೆಗಳನ್ನು ತಿರುಗಿದರು. ಅಲ್ಲಿನ ಠಾಣೆಗೆ ಮೊದಲು ಹೇಳಬೇಕು. ಮರಾಠಿಯಲ್ಲಿ ಮಾತಾಡಬೇಕು. ಚಹಾ, ಊಟ, ಬಸ್ಸು ಎಲ್ಲಾ ಸ್ವಂತ ಜೇಬಿನಿಂದ. ಪ್ರವಾಸ ಭತ್ಯೆಯ ಬಿಲ್ಲು ಯಾವಾಗ ಪಾಸಾಗುತ್ತದೋ ಆವಾಗ.

ಮೂರನೇ ಸಂತೆಯಲ್ಲಿ ಕುರಿ ಸಿಕ್ಕವು. ಹಿಡಿದುಕೊಂಡಿದ್ದವನು ಇವು ನನ್ನವು, ಕೊಂಡಿದ್ದೇನೆ ಅಂದ. ಕಿವಿಯ ಕಚ್ಚು ನೋಡಿ ಗುರುತು ಹಿಡಿಯೋಣ ಅಂದರೆ ಕಿವಿಯನ್ನೇ ಹೊಸದಾಗಿ ಕತ್ತರಿಸಿದ್ದಾನೆ. ಮುತ್ಯಾನನ್ನು ಕರೆಸಿದರು. ಅವನು ಕುರಿಗಳ ಹತ್ತಿರ ಹೋಗಲೇ ಇಲ್ಲ. ಇಪ್ಪತ್ತು ಹೆಜ್ಜೆ ದೂರ ನಿಂತು, ಎರಡು ಬೆರಳು ಬಾಯಲ್ಲಿಟ್ಟು ಒಂದು ಸೀಟಿ, ಆಮೇಲೆ ನಾಲಿಗೆಯಲ್ಲಿ ಹುರ್‌ರ್ ಅಂತ ಒಂದು ಸದ್ದು. ಸಂತೆಯಲ್ಲಿ ಅಷ್ಟು ಕುರಿ ಇದ್ದವು. ಹನ್ನೊಂದು ತಲೆ ಮಾತ್ರ ಎದ್ದವು. ಹನ್ನೊಂದೂ ಓಡಿ ಬಂದು ಮುತ್ಯಾನ ಕಾಲು ಸುತ್ತಿ ನಿಂತವು. ಅಪ್ಪ ಇದನ್ನು ಹೇಳುವಾಗ ಇವತ್ತಿಗೂ ಎದ್ದು ನಿಂತು ಹೇಳುತ್ತಾನೆ.

ಆದರೆ ಪಂಚನಾಮೆಯಲ್ಲಿ ಏನಂತ ಬರೆಯೋದು? ಠಾಣೆಯ ಕಾಗದಪತ್ರ ಬರೆಯುವ ರೈಟರ್ ತಲೆ ಕೆರೆದುಕೊಂಡ. ಕುರಿಗಳು ತಮ್ಮ ಮಾಲೀಕನನ್ನು ಗುರುತಿಸಿದವು ಅಂತ ಬರೆದರೆ ವಕೀಲರು ನಗುತ್ತಾರೆ. ಮಾಲೀಕನು ಕುರಿಗಳನ್ನು ಗುರುತಿಸಿದನು ಅಂತ ಬರೆದರು. ಅಲ್ಲಿಗೆ ಅಷ್ಟೂ ಜೀವ ಹೋಯಿತು. ಈಗಿನ ಹೊಸ ಕಾನೂನಿನಲ್ಲಿ ಜಪ್ತಿಯನ್ನು ವಿಡಿಯೋ ಮಾಡಬೇಕು ಅಂತ ಇದೆ. ಅದನ್ನು ಕೇಳಿದಾಗ ಅಪ್ಪ ಹೊಟ್ಟೆ ಉರಿದುಕೊಂಡ. "ಆವಾಗ ಇದ್ದಿದ್ರ ಆ ಸೀಟಿ ಕೋರ್ಟಿಗೆ ಕೇಳಸ್ತಿತ್ತು."

ಕುರಿ ಠಾಣೆಗೆ ಬಂದವು. ಹನ್ನೊಂದು ಮುದ್ದೆಮಾಲು. ಕೋರ್ಟಿನಿಂದ ಬಿಡುಗಡೆಯ ಆದೇಶ ಬರುವವರೆಗೆ ಮುತ್ಯಾನಿಗೆ ಕೊಡುವ ಹಾಗಿಲ್ಲ. ಅಷ್ಟರಲ್ಲಿ ದಸರೆಯ ರಜೆ ಬಂತು. ಬಂಗಾರ ಆದರೆ ತಿಜೋರಿಯಲ್ಲಿ ಇಡಬಹುದು, ಕುರಿಗೆ ಮೇವು ಬೇಕಲ್ಲ! ನಾನೂ ತಮ್ಮನೂ ಮನೆಯಿಂದ ಕಣಕಿ ಹೊತ್ತುಕೊಂಡು ಹೋಗುತ್ತಿದ್ದೆವು. ಮುತ್ಯಾ ಠಾಣೆಯ ಬೇವಿನ ಮರದ ಕೆಳಗೇ ಮಲಗಿದ. ಹೋಗು ಅಂದರೂ ಹೋಗಲಿಲ್ಲ. ಐದನೇ ದಿನ ಬೆಳಗ್ಗೆ ನೋಡಿದರೆ ಒಂದು ಕುರಿ ಮರಿ ಹಾಕಿದೆ.

ಠಾಣೆ ತುಂಬಾ ಗದ್ದಲ. ಪಂಚನಾಮೆಯಲ್ಲಿ ಹನ್ನೊಂದು, ಅಂಗಳದಲ್ಲಿ ಹನ್ನೆರಡು. ಮುದ್ದೆಮಾಲು ಕಡಿಮೆ ಆದರೆ ಏನು ಮಾಡಬೇಕು ಅಂತ ಎಲ್ಲರಿಗೂ ಗೊತ್ತಿತ್ತು. ಜಾಸ್ತಿ ಆದರೆ ಏನು ಮಾಡಬೇಕು ಅಂತ ಯಾರಿಗೂ ಗೊತ್ತಿರಲಿಲ್ಲ. ರೈಟರ್ ಸ್ಟೇಷನ್ ಡೈರಿಯಲ್ಲಿ ಸಮಯ ಹಾಕಿ ಬರೆದ. ಮರಿಗೆ ನಾವು ಫೌಜದಾರ ಅಂತ ಹೆಸರಿಟ್ಟೆವು. ಅವ್ವ ಬಾಯಿಗೆ ಬಡಿದಳು, ಸಾಹೇಬರಿಗೆ ಕೇಳಿಸಿದರೆ ಅಂತ. ಸಾಹೇಬರಿಗೆ ಕೇಳಿಸಿತು. ಅವರೂ ನಕ್ಕರು.

ಕೇಸ್ ಏನಾಯಿತು ಅಂತೀರಾ? ಬಿದ್ದುಹೋಯಿತು. ವರ್ಷಗಳು ಕಳೆದ ಮೇಲೆ ವಿಚಾರಣೆಗೆ ಬಂತು. ಒಬ್ಬ ಪಂಚ ನನಗೇನೂ ಗೊತ್ತಿಲ್ಲ, ಪೊಲೀಸರು ಸಹಿ ಮಾಡು ಅಂದರು, ಮಾಡಿದೆ ಅಂದ. ಇನ್ನೊಬ್ಬ ಬರಲೇ ಇಲ್ಲ. ಅಪ್ಪ ಅವತ್ತು ಮನೆಗೆ ಬಂದು ಊಟಕ್ಕೆ ಕೂತ. ಎರಡು ತುತ್ತು ತಿಂದು, "ಕುರಿಗೋಳ್ನ ಕಟಕಟೀಗೆ ಕರೀಬೇಕಿತ್ತು" ಅಂದ. ಅಷ್ಟೇ.

ಇಂಥದ್ದು ನಿಮಗೆ ಯಾಕೆ ಬೇಡ? ರೇಟಿಂಗ್ ಬರೋದಿಲ್ಲ ಅಂತೀರಿ. ಅತ್ತೆ ಸೊಸೆಯ ಜಗಳಕ್ಕೆ ಎಂಟುನೂರು ಕಂತು ತಾಳ್ಮೆಯಿಂದ ಕೂರುವ ನಮ್ಮ ಜನ, ಒಂದು ಕುರಿ ಮರಿ ಹಾಕೋದನ್ನು ನೋಡೋದಿಲ್ಲ ಅಂತ ನೀವೇ ತೀರ್ಮಾನ ಮಾಡಿಬಿಟ್ಟಿದ್ದೀರಿ.

ಮನೆಯ ವಿಷಯಕ್ಕೆ ಬರ್ತೀನಿ. ನಿಮ್ಮ ಪೊಲೀಸನಿಗೆ ಮನೆ ಅಂದರೆ ಎರಡೇ. ಒಂದು, ಹೆಂಡತಿಯನ್ನು ವಿಲನ್ ಕೊಂದಿರುತ್ತಾನೆ, ಗೋಡೆಯ ಮೇಲೆ ಹಾರ ಹಾಕಿದ ಫೋಟೊ. ಇಲ್ಲ, ಮದುವೆಯೇ ಆಗಿಲ್ಲ. ಬದುಕಿರುವ ಹೆಂಡತಿಯನ್ನು ಇಟ್ಟುಕೊಂಡು ಕತೆ ನಡೆಸೋಕೆ ಯಾಕೋ ನಿಮಗೆ ಕಷ್ಟ.

ನಮ್ಮ ಅವ್ವ ಪೊಲೀಸ್ ಲೈನಿನ ಎರಡು ಕೋಣೆಯ ಮನೆಯಲ್ಲಿ ಇಪ್ಪತ್ತಾರು ವರ್ಷ ಬಾಳುವೆ ಮಾಡಿದಳು. ಕಾಲುವೆಯಲ್ಲಿ ಹೆಣ ಬಂದ ದಿನ ಅಪ್ಪ ಮುಂಬಾಗಿಲಿನಿಂದ ಬರುತ್ತಿರಲಿಲ್ಲ. ಹಿತ್ತಲಿನಲ್ಲಿ ನಿಂತು ಸೈಕಲ್ ಗಂಟೆ ಎರಡು ಸಲ ಬಾರಿಸುತ್ತಿದ್ದ. ಅವ್ವ ಒಂದು ಮಾತು ಕೇಳದೆ ನೀರು ಕಾಯಿಸಲು ಇಡುತ್ತಿದ್ದಳು. ಎರಡು ಗಂಟೆ ಕೇಳಿದರೆ ನಾವು ಮಕ್ಕಳು ಅವತ್ತು ಅಪ್ಪನ ಹತ್ತಿರ ಏನೂ ಬೇಡುತ್ತಿರಲಿಲ್ಲ. ಪೆನ್ನು ಸಹ.

ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ. ಊರಿಗೆಲ್ಲಾ ಹಬ್ಬ, ಅಪ್ಪನಿಗೆ ಬಂದೋಬಸ್ತು. ಒಂದು ವರ್ಷ ಮದ್ದು ಸುಡುವಾಗ ಗದ್ದಲದಲ್ಲಿ ನಾನು ಅವನನ್ನು ಕಂಡೆ. ಎಲ್ಲರ ಮುಖ ಮೇಲೆ, ಬಣ್ಣ ಬಣ್ಣದ ಬೆಳಕು. ಅಪ್ಪನ ಮುಖ ಮಾತ್ರ ಕೆಳಗೆ. ಅವನು ಜನರ ಜೇಬು ನೋಡುತ್ತಿದ್ದ. ನಾನು ಕೈ ಬೀಸಿದೆ. ಅವನ ಕಣ್ಣು ನನ್ನ ಮೇಲೆ ಬಂತು, ನನ್ನ ಕೊರಳಿನ ಸರ ಇದೆಯೋ ಇಲ್ಲವೋ ನೋಡಿತು, ಮುಂದೆ ಹೋಯಿತು. ಕೊಲೆ ಕೇಸಿನ ಹಿಂದೆ ಬಿದ್ದವನನ್ನೂ ಅರ್ಧಕ್ಕೆ ಎಳೆದು ಬಂದೋಬಸ್ತಿಗೆ ನಿಲ್ಲಿಸುತ್ತಾರೆ. ಬೆಳಗಾವಿಯ ಗಣಪತಿ ವಿಸರ್ಜನೆ, ನವೆಂಬರ್ 1, ಸುವರ್ಣ ವಿಧಾನಸೌಧದ ಚಳಿಗಾಲದ ಅಧಿವೇಶನ, ಬಾಗಲಕೋಟೆಯ ಹೋಳಿ, ಸವದತ್ತಿಯ ಎಲ್ಲಮ್ಮನ ಹುಣ್ಣಿಮೆ. ತಿರುಗಿ ಬಂದು ನೋಡಿದರೆ ಸಿಗಬೇಕಾದ ಸಾಕ್ಷಿ ಊರು ಬಿಟ್ಟಿರುತ್ತಾನೆ. ನಿಮ್ಮ ಪತ್ತೇದಾರನನ್ನು ಯಾವತ್ತಾದರೂ ಬಂದೋಬಸ್ತಿಗೆ ಹಾಕಿದ್ದೀರಾ?

ಟೋಪಿಯ ಬಗ್ಗೆಯೂ ಒಂದು ಮಾತು. ಪೇದೆಗಳ ಆ ಅಗಲವಾದ ಸ್ಲೋಚ್ ಹ್ಯಾಟ್ ಹೋಗಿ 2025ರ ಅಕ್ಟೋಬರ್‌ನಲ್ಲಿ ಕಡುನೀಲಿ ಪೀಕ್ ಕ್ಯಾಪ್ ಬಂದಿದೆ. ಹೊಸ ಕತೆಗೆ ಹಳೇ ಟೋಪಿ ಹಾಕಬೇಡಿ. ಅಪ್ಪನ ಹ್ಯಾಟ್ ಇನ್ನೂ ಗೂಟದ ಮೇಲಿದೆ. ಓಡುವಾಗ ತಲೆಯ ಮೇಲೆ ನಿಲ್ಲದ ಟೋಪಿ ಅದು. ಜಗಳ ಬಿಡಿಸುವಾಗ ಮೊದಲು ಹ್ಯಾಟ್ ಹಿಡಿಯಬೇಕೋ ಜಗಳಗಾರನನ್ನು ಹಿಡಿಯಬೇಕೋ ಅಂತ ಅಪ್ಪ ಕೇಳುತ್ತಿದ್ದ. ನಿಮ್ಮ ನಗೆಯ ಪೇದೆಯ ಟೋಪಿ ಬೀಳೋದಕ್ಕೆ ಅವನ ಪೆದ್ದತನ ಕಾರಣ ಅಲ್ಲ ನೋಡಿ.

ಇಷ್ಟೆಲ್ಲಾ ಓದಿ ನೀವು ಅಪ್ಪನನ್ನು ದೇವರು ಮಾಡಿಬಿಡಬೇಡಿ. ಅದಕ್ಕೇ ಇದನ್ನೂ ಬರೆಯುತ್ತಿದ್ದೇನೆ. ಅಪ್ಪನನ್ನು ಕೇಳಿಯೇ ಬರೆಯುತ್ತಿದ್ದೇನೆ.

ಆ ದೀಪಾವಳಿಯ ರಾತ್ರಿ, ಸಿಪೊವಿಟ್ಜ್ ಸಣ್ಣ ಕೋಣೆಯಲ್ಲಿ ಒಬ್ಬ ಹುಡುಗನ ಮೇಲೆ ಕೈ ಎತ್ತುವ ದೃಶ್ಯ ಬಂತು. ತಮ್ಮನಿಗೆ ಖುಷಿ, ಈಗ ನೋಡಪ್ಪಾ ಅಂದ. ಅಪ್ಪ ಎದ್ದು ಹೊರಗೆ ಹೋದ. ನಿದ್ದೆ ಬಂದಿರಬೇಕು ಅಂದುಕೊಂಡೆವು. ಮರುದಿನ ಚಹಾ ಕುಡಿಯುವಾಗ ಅವನೇ ತೆಗೆದ ಮಾತು. ಬಹಳ ಹಿಂದೆ ಒಂದು ದೊಡ್ಡ ಮನೆಯಲ್ಲಿ ಬೋರಮಾಳ ಸರ ಕಳುವಾಗಿತ್ತು. ಸಂಶಯ ಬಂದದ್ದು ಮನೆಯಲ್ಲಿ ದನ ಕಾಯುವ ಹುಡುಗನ ಮೇಲೆ. ಅಪ್ಪನೇ ಹೊಡೆದದ್ದು. ಹುಡುಗ ಒಪ್ಪಿಕೊಂಡ. ಎಲ್ಲಿಟ್ಟಿ ಅಂದರೆ ಒಂದು ಜಾಗ ಹೇಳಿದ, ಅಲ್ಲಿ ಇರಲಿಲ್ಲ. ಮತ್ತೆ ಹೊಡೆದರು. ಇನ್ನೊಂದು ಜಾಗ ಹೇಳಿದ. ಮೂರನೇ ದಿನ ಮನೆಯ ಯಜಮಾನ ಪೇಡೆ ತಗೊಂಡು ಠಾಣೆಗೆ ಬಂದ. ಸರ ಜೋಳದ ಚೀಲದಲ್ಲಿ ಸಿಕ್ಕಿತ್ತು. ಅವನ ಹೆಂಡತಿಯೇ ಬಚ್ಚಿಟ್ಟು ಮರೆತಿದ್ದಳು.

ಎಲ್ಲರೂ ಪೇಡೆ ತಿಂದರಂತೆ. ಅಪ್ಪನೂ.

ಹುಡುಗನ ಬಲಗೈಯ ಎರಡು ಬೆರಳು ಆಮೇಲೆ ಸರಿಯಾಗಿ ಮಡಚಲಿಲ್ಲ. ಅವನು ದೊಡ್ಡವನಾಗಿ ಸೈಕಲ್ ಪಂಕ್ಚರ್ ಅಂಗಡಿ ಇಟ್ಟ. ಅದು ಠಾಣೆಗೆ ಹೋಗುವ ದಾರಿಯಲ್ಲೇ ಇತ್ತು. ಅಪ್ಪ ಆ ಊರಲ್ಲಿ ಇದ್ದಷ್ಟು ವರ್ಷ ಹಿಂದಿನ ಓಣಿಯಿಂದ ಸುತ್ತು ಹಾಕಿ ಹೋಗುತ್ತಿದ್ದ. ಒಮ್ಮೆ ಸೈಕಲ್ ಪಂಕ್ಚರ್ ಆದಾಗ ಎರಡು ಮೈಲಿ ತಳ್ಳಿಕೊಂಡು ಬಂದದ್ದು ನನಗೆ ನೆನಪಿದೆ. ಅವ್ವ ಬೈದಿದ್ದಳು, ಅಲ್ಲೇ ಅಂಗಡಿ ಇತ್ತಲ್ಲಾ ಅಂತ.

"ಟಿವಿಯೊಳಗ ಹೊಡದ್ರ ಖರೇ ಹೊರಗ ಬರತೈತಿ. ನಾವು ಹೊಡದ್ರ ಅಂವ ಹೊಡೆತಾ ನಿಲ್ಲಲಿ ಅಂತ ಏನ್ ಬೇಕಾದ್ರೂ ಹೇಳತಾನ" ಅಂದ ಅಪ್ಪ. ಬಂಧಿಸಿದವನ ಮನೆಯವರಿಗೆ ತಿಳಿಸಬೇಕು, ವೈದ್ಯರಿಗೆ ತೋರಿಸಬೇಕು ಅಂತೆಲ್ಲಾ ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು 1996ರಲ್ಲಿ. ವಿಚಾರಣೆಯ ಕೋಣೆಗೂ ಕ್ಯಾಮೆರಾ ಇರಬೇಕು ಅಂದದ್ದು 2020ರಲ್ಲಿ. ಆ ಹುಡುಗ ಅದಕ್ಕೂ ಮುಂಚಿನವನು. ಆದರೆ ನಿಮ್ಮ ನಾಯಕ ಇವತ್ತಿನವನು. ಅವನು ಲಾಠಿ ಎತ್ತಿದಾಗ ನೀವು ಹಿಂದೆ ಡೋಲು ಬಾರಿಸುತ್ತೀರಿ, ಮನೆಯಲ್ಲಿ ಕೂತವರು ಚಪ್ಪಾಳೆ ಹೊಡೆಯುತ್ತಾರೆ. ಆ ಅಮೆರಿಕದವರದ್ದೂ ಇದೇ ತಪ್ಪು ಅಂತ ನನ್ನ ಅನ್ನಿಸಿಕೆ. ಅಷ್ಟು ಚೆನ್ನಾಗಿ ಬರೆದವರು, ಸಿಪೊವಿಟ್ಜ್ ಹೊಡೆದಾಗೆಲ್ಲಾ ನಿಜವಾದ ಕಳ್ಳನನ್ನೇ ಹೊಡೆಯುವ ಹಾಗೆ ಬಹಳ ಸಲ ಬರೆದುಕೊಂಡರು. ಜೋಳದ ಚೀಲ ಅವರ ಕತೆಯಲ್ಲಿ ಅಪರೂಪ.

ನನಗೆ ಬೇಕಾದದ್ದು ಸುತ್ತು ಹಾಕಿ ಹೋಗುವ ಆ ಹವಾಲ್ದಾರನ ಕತೆ. ಅವನು ಬೆಳಗ್ಗೆ ಕುರಿಗೆ ಮೇವು ತರುತ್ತಾನೆ, ಮಧ್ಯಾಹ್ನ ಪಂಚರನ್ನು ಹುಡುಕುತ್ತಾನೆ, ಸಂಜೆ ಹಿಂದಿನ ಓಣಿಯಿಂದ ಮನೆಗೆ ಹೋಗುತ್ತಾನೆ. ಹೆಂಡತಿಗೆ ಯಾಕೆ ಅಂತ ಗೊತ್ತಿಲ್ಲ. ಬೇಕಿದ್ದರೆ ಅವನಿಗೆ ನಮ್ಮ ಭಾಷೆಯಲ್ಲಿ ಯೋಚನೆ ಮಾಡೋಕೂ ಬಿಡಿ.

ಬರೆಯುವ ಮನಸ್ಸಿದ್ದರೆ ವಿಜಯಪುರಕ್ಕೆ ಬನ್ನಿ. ಗೋಲಗುಮ್ಮಟ ಆಮೇಲೆ ನೋಡುವಿರಂತೆ. ಅಪ್ಪ ಸಂಜೆ ಆರರ ಮೇಲೆ ಕಟ್ಟೆಯ ಮೇಲೆ ಇರುತ್ತಾನೆ. ರೊಟ್ಟಿ, ಎಣ್ಣೆಗಾಯಿ ಅವ್ವನ ಜವಾಬ್ದಾರಿ. ಕುರಿ ಕತೆ ಕೇಳಿ, ಎದ್ದು ನಿಂತು ಸೀಟಿ ಹೊಡೆದು ತೋರಿಸುತ್ತಾನೆ. ಹುಡುಗನ ವಿಷಯ ಮಾತ್ರ ನೀವಾಗಿ ತೆಗೆಯಬೇಡಿ. ಎರಡನೇ ದಿನ, ಇಲ್ಲ ಮೂರನೇ ದಿನ, ಅವನೇ ಹೇಳುತ್ತಾನೆ. ಅಷ್ಟು ದಿನ ಇರುವ ಹಾಗೆ ಬನ್ನಿ.

ಇತಿ,
ಒಬ್ಬ ಹವಾಲ್ದಾರನ ಮಗಳು
ವಿಜಯಪುರ